ಪರ್ಸಿಮನ್: ತಳಿಯ ಹೆಸರು ಹೇಳದೆ ಹಣ್ಣನ್ನೂ ಮಾರಬಾರದು, ಗಿಡವನ್ನೂ ಮಾರಬಾರದು

ಮಾನ್ಯ ಸಂಪಾದಕರೇ,

ದಸರೆ ಕಳೆದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ದೊಡ್ಡ ಹಣ್ಣಿನಂಗಡಿಗಳಲ್ಲಿ ಪರ್ಸಿಮನ್ ಕಾಣಿಸಿಕೊಳ್ಳುವುದು ಈಚಿನ ವರ್ಷಗಳಲ್ಲಿ ವಾಡಿಕೆಯಾಗಿದೆ. ಅದರ ಬೆನ್ನಿಗೇ ಕೆಲವು ನರ್ಸರಿಗಳು ಇದರ ಗಿಡಗಳನ್ನೂ ಮಾರತೊಡಗಿವೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯಲ್ಲಿ ಮನೆಯ ಹಿತ್ತಲಲ್ಲಿ ಈ ಮರಗಳನ್ನು ಇಟ್ಟುಕೊಂಡಿರುವ ನನ್ನಂಥವರಿಗೆ ಊರಿನ ನೆಂಟರಿಷ್ಟರಿಂದ ಇದರ ಬಗ್ಗೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. "ಹಣ್ಣು ತಂದೆವು, ಒಂದು ತುಂಡು ಕಚ್ಚಿದ್ದೇ ತಡ ಬಾಯೆಲ್ಲ ಒಗರಾಗಿ ನಾಲಿಗೆ ದಪ್ಪಗಾಯಿತು, ಹಾಗೇ ಬಿಸಾಡಿದೆವು, ಇದನ್ನು ನೀವು ಹೇಗೆ ತಿನ್ನುತ್ತೀರಿ?" ಎಂಬುದು ಒಂದು. "ಗಿಡ ನೆಟ್ಟಿದ್ದೇವೆ, ಹಣ್ಣು ಯಾವಾಗ ಬಿಡುತ್ತದೆ?" ಎಂಬುದು ಇನ್ನೊಂದು. ಎರಡಕ್ಕೂ ನಾನು ಕೇಳುವ ಮರುಪ್ರಶ್ನೆ ಒಂದೇ: ತಳಿ ಯಾವುದು? ಅದಕ್ಕೆ ಉತ್ತರ ಸಿಗುವುದಿಲ್ಲ, ಏಕೆಂದರೆ ಮಾರಿದವರು ಹೇಳಿರುವುದಿಲ್ಲ, ಕೊಂಡವರಿಗೆ ಕೇಳಬೇಕೆಂದು ಗೊತ್ತಿರುವುದಿಲ್ಲ. ತಳಿ ತಿಳಿಯದೆ ಈ ಹಣ್ಣನ್ನು ತಿನ್ನುವುದೂ ಕಷ್ಟ, ಬೆಳೆಯುವುದೂ ಕಷ್ಟ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಚೀನಾ ಮೂಲದ ಈ ಹಣ್ಣು ಜಪಾನ್ ಮತ್ತು ಕೊರಿಯಾಗಳಲ್ಲಿ ಶತಮಾನಗಳಿಂದ ಬೆಳೆದು ನೂರಾರು ತಳಿಗಳಾಗಿ ಕವಲೊಡೆದಿದೆ. ಆದರೆ ತಿನ್ನುವವರ ಮಟ್ಟಿಗೆ ಇರುವುದು ಎರಡೇ ಬಗೆ. ಫುಯು, ಜಿರೊ ಮುಂತಾದವು ಒಗರಿಲ್ಲದ ಬಗೆಯವು. ಆಕಾರದಲ್ಲಿ ಚಪ್ಪಟೆ, ಬಣ್ಣ ಪೂರ್ತಿ ತುಂಬಿದ ಮೇಲೆ ಗಟ್ಟಿಯಿರುವಾಗಲೇ ಹೋಳು ಮಾಡಿ ತಿನ್ನಬಹುದು. ಹಚಿಯಾದಂಥವು ಒಗರಿನ ಬಗೆಯವು. ಉದ್ದುದ್ದ, ತುದಿ ಮೊನಚು. ಇವು ಮರದಲ್ಲಿ ಎಷ್ಟೇ ಕೆಂಪೇರಿದ್ದರೂ ಗಟ್ಟಿಯಿರುವವರೆಗೆ ಬಾಯಿಗಿಡಲು ಆಗುವುದಿಲ್ಲ. ಹಣ್ಣಿನ ತಿರುಳಿನಲ್ಲಿರುವ ಟ್ಯಾನಿನ್ ಎಂಬ ಚೊಗರು ನೀರಿನಲ್ಲಿ ಕರಗುವ ಸ್ಥಿತಿಯಲ್ಲಿರುವಾಗ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ; ನಾಲಿಗೆ ತರಕಲಾಗಿ ಬಾಯಿ ಒಣಗಿದಂತಾಗುವುದು ಅದರಿಂದಲೇ. ಹಣ್ಣು ಕಳಿಯುತ್ತ ಹೋದಂತೆ ಅದೇ ಟ್ಯಾನಿನ್ ಒಂದಕ್ಕೊಂದು ಬೆಸೆದುಕೊಂಡು ಕರಗದ ರೂಪ ತಾಳುತ್ತದೆ. ಅಂದರೆ ಒಗರು ಹಣ್ಣಿನಿಂದ ಹೊರಟುಹೋಗುವುದಿಲ್ಲ, ನಾಲಿಗೆಗೆ ತಗಲದಂತೆ ಒಳಗೇ ಕೂರುತ್ತದೆ. ಈ ಸೂಕ್ಷ್ಮ ಯಾಕೆ ಮುಖ್ಯವೆಂಬುದು ಅಡುಗೆಯ ಮಾತು ಬಂದಾಗ ಗೊತ್ತಾಗುತ್ತದೆ.

ಒಗರು ನಮಗೆ ಹೊಸತಲ್ಲ. ಬೀಡಿ ಎಲೆಗೆಂದು ಹೆಸರಾದ ತುಮರಿ, ಮನೆಯೊಳಗೆ ತಂದರೆ ಜಗಳ ಹತ್ತುತ್ತದೆಂದು ಹಳ್ಳಿಯವರು ಸೌದೆಗೂ ಮುಟ್ಟದ ಜಗಳಗಂಟಿ, ಇವೆರಡೂ ಪರ್ಸಿಮನ್‌ನ ಕುಲಕ್ಕೇ ಸೇರಿದ ಮರಗಳು. ಬೇಸಿಗೆಯಲ್ಲಿ ಕಾಡಂಚಿನ ತುಮರಿ ಹಣ್ಣನ್ನು ಆರಿಸಿ ತಿಂದು ಬೆಳೆದವರಿಗೆ ಹಣ್ಣು ಪೂರ್ತಿ ಮಾಗುವವರೆಗೆ ಕಾಯಬೇಕೆಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಪೇಟೆಯ ಗಿರಾಕಿಗೆ ಆ ತಿಳಿವಳಿಕೆ ಇಲ್ಲ, ಅಂಗಡಿಯವರಿಗೂ ಇದ್ದಂತಿಲ್ಲ.

ಆಕಾರ ನೋಡಿ ಕೊಳ್ಳಬಹುದಲ್ಲವೇ ಎಂದು ಕೆಲವರು ಕೇಳಬಹುದು. ಅಷ್ಟರಿಂದ ಕೆಲಸ ಆಗುವುದಿಲ್ಲ. ಇಸ್ರೇಲಿನಲ್ಲಿ ಬೆಳೆದು ಶರೋನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಟ್ರಯಂಫ್ ತಳಿ ಚಪ್ಪಟೆಯಾಗಿಯೇ ಇದೆ, ಆದರೆ ಹುಟ್ಟಿನಿಂದ ಒಗರಿನದು. ಅದನ್ನು ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆಯಲ್ಲಿಟ್ಟು ಒಗರು ತೆಗೆದ ಮೇಲೆ ಗಟ್ಟಿಯಾಗಿಯೇ ಮಾರುತ್ತಾರೆ. ಸ್ಪೇನಿನ ವೆಲೆನ್ಸಿಯಾ ಪ್ರಾಂತ್ಯದ ರೋಹೊ ಬ್ರಿಯಾಂತೆ ತಳಿಗೂ ಇದೇ ಉಪಚಾರ. ಅದು ನೋಡಲು ಉದ್ದ, ತಿನ್ನಲು ಗಟ್ಟಿ. ಹಿಮಾಚಲದ ಕುಲ್ಲು ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಐರೋಪ್ಯರು ತಂದು ನೆಟ್ಟ ಮೇಲೆ ಅಲ್ಲಿ ಜಾಪಾನಿ ಫಲ್ ಎಂದೇ ರೂಢಿಯಾಗಿರುವ ಹಣ್ಣಿನಲ್ಲಿ ಎರಡೂ ಬಗೆಗಳುಂಟು. ಹೀಗೆ ಒಂದೇ ತಟ್ಟೆಯಲ್ಲಿ ಪಕ್ಕಪಕ್ಕದಲ್ಲಿ ಕೂತ ಎರಡು ಹಣ್ಣುಗಳಲ್ಲಿ ಒಂದು ಇವತ್ತೇ ತಿನ್ನುವಂಥದ್ದು, ಇನ್ನೊಂದು ಹತ್ತು ದಿನ ಕಾಯಬೇಕಾದದ್ದು ಆಗಿರಬಹುದು. ಬೆಲೆ ಮಾತ್ರ ಎರಡಕ್ಕೂ ಒಂದೇ ಚೀಟಿಯಲ್ಲಿರುತ್ತದೆ.

ಒಗರಿನ ಹಣ್ಣು ಮನೆಗೆ ಬಂದಿದ್ದರೆ ಅದನ್ನು ಬಿಸಾಡುವ ಕಾರಣವಿಲ್ಲ. ಬಾಳೆಹಣ್ಣು ಅಥವಾ ಸೇಬಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡಬಹುದು. ಮಾವು, ಸಪೋಟಗಳನ್ನು ಅಡೆ ಹಾಕುವ ನಮ್ಮ ಹಳೆಯ ಕ್ರಮವೇ ಇದಕ್ಕೂ ಸಲ್ಲುತ್ತದೆ. ಒಂದು ವಾರದಿಂದ ಹತ್ತು ದಿನದೊಳಗೆ ಹಣ್ಣು ನೀರು ತುಂಬಿದ ಬಲೂನಿನಂತೆ ಮೆತ್ತಗಾಗುತ್ತದೆ, ಸಿಪ್ಪೆ ಪಾರದರ್ಶಕವೆನ್ನಿಸುವಷ್ಟು ತೆಳುವಾಗುತ್ತದೆ. ಕೈಗೆತ್ತಿಕೊಂಡರೆ ಒಡೆದೀತೋ ಎಂಬ ಅಳುಕು ಹುಟ್ಟಬೇಕು. ಅದಕ್ಕೆ ಮೊದಲು ಚಮಚ ಹಾಕಬಾರದು. ಒಂದು ಪಕ್ಕ ಮೆತ್ತಗಾಗಿ ತೊಟ್ಟಿನ ಬಳಿ ಇನ್ನೂ ಗಟ್ಟಿಯಿದ್ದರೆ ಆ ಗಟ್ಟಿ ಭಾಗದ ಒಗರೇ ಇಡೀ ಹಣ್ಣಿನ ರುಚಿಯನ್ನು ಕೆಡಿಸುತ್ತದೆ. ಅವಸರವಿದ್ದವರು ಹಣ್ಣನ್ನು ಇಡಿಯಾಗಿ ಫ್ರೀಜರಿನಲ್ಲಿಟ್ಟು ಕಲ್ಲಾಗಿಸಿ, ಆಮೇಲೆ ಕರಗಲು ಬಿಟ್ಟರೂ ಒಗರು ಬಹುಮಟ್ಟಿಗೆ ಹೋಗುತ್ತದೆ. ಚೀನಾ ಮತ್ತು ಕೊರಿಯಾದ ಮನೆಗಳಲ್ಲಿ ಸುಮಾರು 40 ಡಿಗ್ರಿ ಬಿಸಿಯ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡುವ ಪದ್ಧತಿಯೂ ಇದೆ, ಆದರೆ ನೀರಿನ ಬಿಸಿಯನ್ನು ಅಷ್ಟು ಹೊತ್ತು ಒಂದೇ ಸಮ ಕಾಪಾಡುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ.

ನನ್ನ ಅಭಿಪ್ರಾಯದಲ್ಲಿ ಒಗರಿನ ಪರ್ಸಿಮನ್‌ಗೆ ಸಲ್ಲಬೇಕಾದ ಅತ್ಯುತ್ತಮ ಗೌರವವೆಂದರೆ ಜಪಾನೀಯರ ಹೊಶಿಗಾಕಿ, ಅಂದರೆ ತೂಗುಹಾಕಿ ಒಣಗಿಸಿದ ಹಣ್ಣು. ಕ್ಯಾಲಿಫೋರ್ನಿಯಾದ ಪ್ಲೇಸರ್ ಕೌಂಟಿಯಲ್ಲಿ ಜಪಾನಿ ಮೂಲದ ರೈತ ಕುಟುಂಬಗಳು ಇದನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ. ಹಚಿಯಾ ಕಾಯಿ ಬಣ್ಣ ತುಂಬಿ ಇನ್ನೂ ಕಲ್ಲಿನಂತಿರುವಾಗ, ತೊಟ್ಟಿನ ಜೊತೆಗೆ ರೆಂಬೆಯ ಒಂದು ಚಿಕ್ಕ ಅಡ್ಡ ತುಂಡನ್ನೂ ಉಳಿಸಿ ಕತ್ತರಿಸಬೇಕು; ದಾರ ಕಟ್ಟಲು ಅದೇ ಆಸರೆ. ಸಿಪ್ಪೆಯನ್ನು ತೆಳುವಾಗಿ ಹೆರೆದು, ಬೂಷ್ಟು ಹಿಡಿಯದಿರಲೆಂದು ಕುದಿಯುವ ನೀರಿನಲ್ಲಿ ಕೆಲವು ಕ್ಷಣ ಅದ್ದಿ ತೆಗೆದು, ಒಂದಕ್ಕೊಂದು ತಾಗದಂತೆ ಬಿಸಿಲು ಗಾಳಿ ಎರಡೂ ಬರುವ ಕಿಟಕಿಯ ಬಳಿ ತೂಗುಹಾಕುತ್ತಾರೆ. ವಾರದ ಹೊತ್ತಿಗೆ ಮೇಲ್ಮೈ ಒಣಗಿ ತೊಗಲಿನಂತಾಗುತ್ತದೆ. ಆಮೇಲಿನದೇ ತಾಳ್ಮೆಯ ಕೆಲಸ. ಎರಡು ಮೂರು ದಿನಕ್ಕೊಮ್ಮೆ ಪ್ರತಿಯೊಂದು ಹಣ್ಣನ್ನೂ ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತಬೇಕು. ಒಳಗಿನ ಗಟ್ಟಿ ತಿರುಳು ಗಂಟುಗಂಟಾಗಿ ಬೆರಳಿಗೆ ಸಿಗುತ್ತದೆ, ಅದು ಸಡಿಲವಾಗುವವರೆಗೆ ಒತ್ತಿ ಬಿಡಬೇಕು. ಮೊದಮೊದಲು ಹೆಚ್ಚು ಬಲ ಹಾಕಿದರೆ ಮೇಲಿನ ಪದರ ಬಿರಿದು ರಸ ಸೋರುತ್ತದೆ. ನಾಲ್ಕರಿಂದ ಆರು ವಾರ ಕಳೆದ ಮೇಲೆ ಹಣ್ಣು ಕುಗ್ಗಿ ಕಪ್ಪುಗೆಂಪಾಗಿ, ಮೈಮೇಲೆ ಬಿಳಿಯ ಪುಡಿ ಏಳುತ್ತದೆ. ಇದನ್ನು ಬೂಷ್ಟೆಂದು ತಪ್ಪು ತಿಳಿದು ಒರೆಸಿಬಿಡುವವರಿದ್ದಾರೆ. ಅದು ಹಣ್ಣಿನೊಳಗಿನ ಸಕ್ಕರೆಯೇ ಮೇಲೆ ಬಂದು ಹರಳುಗಟ್ಟಿದ್ದು. ಬೆಂಗಳೂರಿನಲ್ಲಿ ಅಕ್ಟೋಬರ್ ತಿಂಗಳ ಹಿಂಗಾರಿನ ತೇವದಲ್ಲಿ ಇದನ್ನು ಮಾಡಹೋದರೆ ಬರುವುದು ಮಾತ್ರ ನಿಜವಾದ ಬೂಷ್ಟೇ. ಮಳೆ ನಿಂತು ಒಣ ಗಾಳಿ ಬೀಸುವ ಡಿಸೆಂಬರಿಗೆ ಗಟ್ಟಿ ಹಣ್ಣು ಸಿಕ್ಕರೆ ಕೈ ಹಾಕಬಹುದು.

ಇನ್ನು ಬೆಳೆಯುವ ವಿಚಾರ. ಪರ್ಸಿಮನ್ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುವ ಮರ. ಸೇಬಿನಷ್ಟು ಚಳಿಯನ್ನು ಅದು ಕೇಳುವುದಿಲ್ಲ. ತಾಪಮಾನ 7 ಡಿಗ್ರಿಗಿಂತ ಕೆಳಗಿರುವ ತಾಸುಗಳನ್ನು ಚಳಿಗಾಲವಿಡೀ ಕೂಡಿಸಿದರೆ ನೂರರಿಂದ ಇನ್ನೂರರಷ್ಟಾದರೂ ಸಾಕೆಂದು ತೋಟಗಾರಿಕೆಯವರು ಹೇಳುತ್ತಾರೆ. ಸಾಂತಾ ಕ್ಲಾರಾ ಕಣಿವೆಯಲ್ಲಿ ಇದು ಸಲೀಸಾಗಿ ದೊರೆಯುತ್ತದೆ. ಮಾರ್ಚಿಯಲ್ಲಿ ಚಿಗುರು, ಮೇ ತಿಂಗಳಲ್ಲಿ ಹೂವು, ಮಳೆಯೇ ಇಲ್ಲದ ಬೇಸಿಗೆಯುದ್ದಕ್ಕೂ ಕಾಯಿ ಬಲಿತು ಅಕ್ಟೋಬರಿಂದ ಕೊಯ್ಲು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂಥ ಊರಿನಲ್ಲಿ ಒಂದೆರಡು ವರ್ಷದಲ್ಲಿ ಗೊನೆಗೊನೆಯಾಗಿ ಹಣ್ಣು ಬಿಡುತ್ತದೆಂದು ಭರವಸೆ ಕೊಟ್ಟು ಗಿಡ ಮಾರುವುದು ನ್ಯಾಯವಲ್ಲ. ಗಿಡ ಬದುಕುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಬದುಕುವುದೇ ಬೇರೆ, ಹೊತ್ತಿಗೆ ಸರಿಯಾಗಿ ಎಲೆ ಉದುರಿಸಿ ಮೊಗ್ಗೊಡೆಯುವುದೇ ಬೇರೆ. ನಮಗೆ ಹತ್ತಿರದಲ್ಲಿ ಈ ಮರ ನೆಲೆಯೂರಿರುವುದು ನೀಲಗಿರಿಯ ಕೂನೂರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಕೊಡಗು, ಚಿಕ್ಕಮಗಳೂರುಗಳ ಎತ್ತರದ ಎಸ್ಟೇಟುಗಳಲ್ಲಿ ಕುತೂಹಲಕ್ಕೆ ಒಂದೆರಡು ಗಿಡ ಹಾಕಿ ನೋಡಲು ಅಡ್ಡಿಯಿಲ್ಲ, ಆದರೆ ಕಾಫಿ, ಮೆಣಸು ತೆಗೆದು ಇದನ್ನು ಹಾಕುವ ಮಾತನ್ನು ಯಾರಾದರೂ ಆಡಿದರೆ ಕಿವಿಗೊಡಬಾರದು.

ಗಿಡ ಕೊಳ್ಳುವವರು ತಳಿಯ ಜೊತೆಗೆ ಕಸಿಯ ವಿಷಯವನ್ನೂ ಕೇಳಬೇಕು. ಬೀಜದಿಂದ ಎದ್ದ ಗಿಡ ತಾಯಿಯ ಗುಣ ತೋರುವುದಿಲ್ಲ, ಫಲಕ್ಕೆ ಬರಲು ಬಹಳ ವರ್ಷ ಹಿಡಿಯುತ್ತದೆ, ಕೆಲವೊಮ್ಮೆ ಬರೀ ಗಂಡು ಹೂವಿನ ಮರವಾಗಿ ನಿಲ್ಲುತ್ತದೆ. ಕಸಿ ಗಿಡವಾದರೆ, ಹವೆ ಒಗ್ಗಿದ ಕಡೆ, ಮೂರರಿಂದ ಐದು ವರ್ಷಕ್ಕೆ ಕಾಯಿ ಕಾಣಬಹುದು. ಯಾವ ಬುಡಗಿಡದ ಮೇಲೆ ಕಸಿ ಮಾಡಿದ್ದಾರೆಂಬುದೂ ಮುಖ್ಯವೇ. ಹಿಮಾಲಯದ ಕಡೆ ಅಮ್ಲೋಕ್ ಎಂದು ಕರೆಯುವ ಡಯೋಸ್ಪೈರೋಸ್ ಲೋಟಸ್ ಎಂಬ ಕಾಡು ಜಾತಿಯ ಬುಡ ಹಚಿಯಾಕ್ಕೆ ಒಗ್ಗುತ್ತದೆ, ಆದರೆ ಫುಯುವಿಗೆ ಅಷ್ಟಾಗಿ ಹೊಂದುವುದಿಲ್ಲ. ಕೆಲವು ವರ್ಷ ಚೆನ್ನಾಗಿ ಬೆಳೆದ ಮರ ಕಸಿಯ ಗಂಟಿನಲ್ಲೇ ಸೊರಗಬಹುದು.

ಆರೈಕೆಯಲ್ಲಿ ಈ ಮರ ತೀರಾ ತಂಟೆ ಮಾಡುವುದಿಲ್ಲ. ತಾಯಿಬೇರು ಆಳಕ್ಕಿಳಿಯುವುದರಿಂದ ಕುಂಡಕ್ಕಿಂತ ನೆಲವೇ ಲೇಸು, ನೀರು ನಿಲ್ಲದ ಮಣ್ಣು ಬೇಕು. ಚೀಲ ಬಿಚ್ಚಿದಾಗ ಬೇರು ಕಪ್ಪಗಿರುವುದನ್ನು ಕಂಡು ಗಿಡ ಸತ್ತಿದೆಯೆಂದು ಮರಳಿಸಲು ಹೊರಡುವವರಿದ್ದಾರೆ. ಪರ್ಸಿಮನ್ ಬೇರಿನ ಸಹಜ ಬಣ್ಣವೇ ಕಪ್ಪು. ಫುಯು, ಹಚಿಯಾಗಳಿಗೆ ಪರಾಗಸ್ಪರ್ಶಕ್ಕೆ ಇನ್ನೊಂದು ಮರ ಬೇಕಿಲ್ಲ, ಬೀಜವಿಲ್ಲದೆಯೇ ಕಾಯಿ ಕಚ್ಚುತ್ತದೆ. ಎಳೆಯ ಮರದಲ್ಲಿ ಹೀಚುಗಳು ರಾಶಿರಾಶಿಯಾಗಿ ಉದುರಿದಾಗ ಗಾಬರಿಯಾಗಿ ಯೂರಿಯಾ ಸುರಿಯುವುದು ನಮ್ಮವರ ರೂಢಿ, ಆದರೆ ಸಾರಜನಕ ಹೆಚ್ಚಾದಷ್ಟೂ ಉದುರುವುದೂ ಹೆಚ್ಚು. ಒಂದು ವಾರ ಒಣಗಿಸಿ ಮರುವಾರ ಕೆಸರು ಮಾಡುವಂಥ ನೀರಾವರಿಯೂ ಅಷ್ಟೇ ಕೆಟ್ಟದ್ದು. ಬುಡಕ್ಕೆ ತರಗೆಲೆಯ ಹೊದಿಕೆ, ಹದವಾದ ನೀರು, ಇಷ್ಟಿದ್ದರೆ ಸಾಕು. ರೆಂಬೆ ಸವರುವಾಗ ಮಾತ್ರ ಎಚ್ಚರ ಬೇಕು: ಹೂವು ಬರುವುದು ಕಳೆದ ವರ್ಷದ ಕೊಂಬೆಯ ತುದಿಯ ಕಣ್ಣುಗಳಿಂದ ಏಳುವ ಹೊಸ ಚಿಗುರಿನಲ್ಲಿ. ಬೇಲಿ ಕತ್ತರಿಸಿದಂತೆ ಎಲ್ಲ ತುದಿಗಳನ್ನೂ ಸಮ ಮಾಡಿದವರಿಗೆ ಆ ವರ್ಷ ನೆರಳಷ್ಟೇ ಸಿಗುತ್ತದೆ. ಮರದ ಕಟ್ಟಿಗೆ ಪೆಡಸು, ಫಸಲು ಜಾಸ್ತಿಯಾದರೆ ಭಾರಕ್ಕೆ ಕೊಂಬೆ ಸೀಳುತ್ತದೆ. ಕಾಯಿ ಚಿಕ್ಕದಿರುವಾಗಲೇ ಅಲ್ಲಲ್ಲಿ ಕಿತ್ತು ವಿರಳ ಮಾಡಬೇಕು, ಇಲ್ಲವೇ ಊರೆಗೋಲು ಕೊಡಬೇಕು. ಎಲೆಯಡಿ ಹಿಟ್ಟುತಿಗಣೆ ಕಂಡರೆ ಮೊದಲು ಕಾಂಡದ ಮೇಲೆ ಓಡಾಡುವ ಇರುವೆಗಳನ್ನು ತಡೆಯಬೇಕು, ಏಕೆಂದರೆ ತಿಗಣೆಗಳನ್ನು ಶತ್ರುಗಳಿಂದ ಕಾಯುವ ಕಾವಲುಗಾರರು ಅವೇ.

ಕೊಯ್ಯುವಾಗ ಜಗ್ಗಬಾರದು, ಕತ್ತರಿಯಿಂದ ತೊಟ್ಟಿನ ಸಮೇತ ಕತ್ತರಿಸಬೇಕು. ತೊಟ್ಟಿನ ಎಸಳು ಹರಿದ ಹಣ್ಣು ಅಲ್ಲಿಂದಲೇ ಕೊಳೆಯುತ್ತದೆ. ಫುಯುವನ್ನು ಫ್ರಿಜ್ಜಿನಲ್ಲಿ ಬಹಳ ದಿನ ಇಟ್ಟರೆ ತಿರುಳು ಲೋಳೆಯಂತಾಗುವುದರಿಂದ ಅಡುಗೆಮನೆಯ ಕಟ್ಟೆಯ ಮೇಲೆಯೇ ಇಡುವುದು ಮೇಲು. ಎಲೆಯೆಲ್ಲ ಉದುರಿ ಹಣ್ಣಷ್ಟೇ ನಿಂತ ಮರಕ್ಕೆ ಇಲ್ಲಿ ಅಳಿಲು, ಹಕ್ಕಿಗಳ ಕಾಟ ವಿಪರೀತ. ಕೊರಿಯಾದಲ್ಲಿ ತುದಿಯ ಕೆಲವು ಹಣ್ಣುಗಳನ್ನು ಹಕ್ಕಿಗಳ ಪಾಲೆಂದು ಬಿಡುವ ಸಂಪ್ರದಾಯವಿದೆ, ಜಪಾನಿನಲ್ಲೂ ಮರದ ತುದಿಯಲ್ಲಿ ಒಂದು ಹಣ್ಣು ಉಳಿಸುತ್ತಾರೆ. ನಮ್ಮ ಅಳಿಲುಗಳು ಅಷ್ಟು ಸಂಪ್ರದಾಯಸ್ಥರಲ್ಲವಾದ್ದರಿಂದ ಕೆಳಗಿನ ಹಣ್ಣುಗಳಿಗೆ ಬಲೆಯ ಚೀಲ ಕಟ್ಟಬೇಕಾಗುತ್ತದೆ.

ಅಡುಗೆಗೆ ಫುಯು ಚೆನ್ನಾಗಿ ಒಗ್ಗುತ್ತದೆ. ಹೆಸರುಬೇಳೆ ಕೋಸಂಬರಿಗೆ ಸೌತೆಕಾಯಿಯ ಜೊತೆ ಸಣ್ಣಗೆ ಹೆಚ್ಚಿ ಹಾಕಿ, ನಿಂಬೆರಸ ಸ್ವಲ್ಪ ಮುಂದಾಗಿಯೇ ಹಿಂಡಿದರೆ ಅದರ ಸಿಹಿಗೆ ಹದ ಬರುತ್ತದೆ. ಅನಾನಸಿನ ಗೊಜ್ಜಿನ ಕ್ರಮದಲ್ಲಿ ಗೊಜ್ಜೂ ಆಗುತ್ತದೆ, ಆದರೆ ಹಣ್ಣಿನಲ್ಲಿ ಹುಳಿಯೇ ಇಲ್ಲದ ಕಾರಣ ಹುಣಸೆಯನ್ನು ಕೈಬಿಚ್ಚಿ ಹಾಕಬೇಕು. ಹಚಿಯಾದ ತಿರುಳನ್ನು ಕಾಯಿಹಾಲು, ಏಲಕ್ಕಿ ಬೆರೆಸಿ ರಸಾಯನ ಮಾಡಿದರೆ ಬೆಲ್ಲವನ್ನು ಹಾಕುವುದೋ ಬೇಡವೋ ಎಂದು ಯೋಚಿಸುವಷ್ಟು ಸಿಹಿ. ಕೇಸರಿಬಾತಿಗೋ ಹಲ್ವಕ್ಕೋ ಒಲೆಯ ಮೇಲಿಡುವವರು ಒಂದು ಮಾತು ನೆನಪಿಡಬೇಕು. ಒಗರು ಹಣ್ಣಿನೊಳಗೇ ಕೂತಿರುತ್ತದೆಂದು ಮೇಲೆ ಹೇಳಿದೆನಲ್ಲ, ಬಿಸಿ ತಗುಲಿದರೆ ಅದು ಮರಳಿ ತಲೆಯೆತ್ತುವುದುಂಟು. ತಣ್ಣಗೆ ತಿಂದಾಗ ಅಚ್ಚ ಸಿಹಿಯಾಗಿದ್ದ ತಿರುಳು ಕಾಯಿಸಿದ ಮೇಲೆ ಬಾಯಿ ಕಟ್ಟಬಹುದು. ಅಮೆರಿಕದ ಹಳೆಯ ಮನೆಯಡುಗೆಯಲ್ಲಿ ಪರ್ಸಿಮನ್ ಕಡುಬಿಗೆ ಚಿಟಿಕೆ ಅಡುಗೆ ಸೋಡ ಬೆರೆಸುವುದು ಈ ಒಗರನ್ನು ತಗ್ಗಿಸಲು ನೆರವಾಗುತ್ತದೆ.

ಆರೋಗ್ಯದ ಬಗ್ಗೆ ಅತಿಶಯೋಕ್ತಿ ಬೇಡ. ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 70 ಕ್ಯಾಲರಿ, 18 ಗ್ರಾಮಿಗೂ ಮಿಕ್ಕಿ ಶರ್ಕರಪಿಷ್ಟ, ಮೂರೂವರೆ ಗ್ರಾಂ ನಾರು ಇದೆ. ಮಧುಮೇಹಿಗಳು ಲೆಕ್ಕವಿಟ್ಟೇ ತಿನ್ನಬೇಕಾದ ಹಣ್ಣಿದು. ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಒಗರು ಹೋಗದ ಹಣ್ಣನ್ನು ಬರಿ ಹೊಟ್ಟೆಯಲ್ಲಿ ಹೆಚ್ಚಾಗಿ ತಿಂದರೆ ಅದರ ಟ್ಯಾನಿನ್ ಜಠರದ ಆಮ್ಲದಲ್ಲಿ ಗಡ್ಡೆಕಟ್ಟಿ ಗಟ್ಟಿ ಉಂಡೆಯಾಗಿ ಕೂರುವುದು ವೈದ್ಯಕೀಯದಲ್ಲಿ ಚೆನ್ನಾಗಿ ದಾಖಲಾಗಿರುವ ಸಂಗತಿ. ಕರುಳಿಗೆ ಜಾರಿದರೆ ದಾರಿ ಕಟ್ಟಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಜಠರದ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆಯಿಂದ ಜೀರ್ಣಶಕ್ತಿ ನಿಧಾನವಾದವರು ಅರೆಮಾಗಿದ ಪರ್ಸಿಮನ್‌ನಿಂದ ದೂರವಿರಬೇಕು. ತಳಿಯ ಹೆಸರು ಹೇಳಿ ಮಾರಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಹೀಗಾಗಿ ತಮ್ಮ ಪತ್ರಿಕೆಯ ಮೂಲಕ ಕೇಳುವುದಿಷ್ಟು. ಹಣ್ಣಿನ ವ್ಯಾಪಾರಿಗಳು ಪೆಟ್ಟಿಗೆಯ ಮೇಲೆ 'ಗಟ್ಟಿಯಿರುವಾಗಲೇ ತಿನ್ನಿ' ಅಥವಾ 'ಪೂರ್ತಿ ಮೆತ್ತಗಾದ ಮೇಲೆ ತಿನ್ನಿ' ಎಂದು ಒಂದು ಚೀಟಿ ಅಂಟಿಸಲಿ. ಸಗಟು ಮಾರುಕಟ್ಟೆಯಲ್ಲಿ ಕೊಳ್ಳುವಾಗಲೇ ವಿಚಾರಿಸಿದರೆ ಇದು ಕಷ್ಟದ ಕೆಲಸವಲ್ಲ. ನರ್ಸರಿಗಳು ತಳಿ, ಬುಡಗಿಡ, ಗಿಡ ತಂದ ಊರು ಈ ಮೂರನ್ನೂ ಪಟ್ಟಿಯಲ್ಲಿ ಬರೆದು ಕಟ್ಟಲಿ. ಕೊಡಗಿನ ಚೆಟ್ಟಳ್ಳಿಯಲ್ಲಿ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ನಮ್ಮ ಮಲೆನಾಡಿನ ಯಾವ ಎತ್ತರದಲ್ಲಿ ಯಾವ ತಳಿ ಕಾಯಿ ಕಚ್ಚುತ್ತದೆಂಬುದನ್ನು ಅಂಥ ಸಂಸ್ಥೆ ಪರೀಕ್ಷಿಸಿ ಕನ್ನಡದಲ್ಲಿ ಪ್ರಕಟಿಸಿದರೆ ಬೆಳೆಗಾರರು ನರ್ಸರಿಯವರ ಮಾತೊಂದನ್ನೇ ನಂಬಿ ಹಣ ಹಾಕುವುದು ತಪ್ಪುತ್ತದೆ. ಅಲ್ಲಿಯವರೆಗೆ ಅಂಗಡಿಯವರಿಗೆ ತಳಿ ಗೊತ್ತಿಲ್ಲವೆಂದಾದರೆ ಹಣ್ಣು ಒಗರಿನದೆಂದೇ ಭಾವಿಸಿ, ಮನೆಗೆ ತಂದು ಬಾಳೆಹಣ್ಣಿನ ಜೊತೆ ಕಟ್ಟಿಟ್ಟು, ಮೆತ್ತಗಾದ ಮೇಲೆಯೇ ಮಕ್ಕಳ ಕೈಗೆ ಕೊಡಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಸನಿವೇಲ್, ಕ್ಯಾಲಿಫೋರ್ನಿಯಾ